ಹಳೆಯ ಗುರಿ ರೈಫಲ್: ಹಾಗೇ ಇಟ್ಟುಕೊಳ್ಳುವುದೇ, ಚೇಂಬರ್ ಹೊಸದಾಗಿ ಕೊರೆಸುವುದೇ, ಬ್ಯಾರಲ್ ಬದಲಿಸುವುದೇ?

ಹೋದ ವರ್ಷ ಶ್ರಾವಣದಲ್ಲಿ, ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದು ಎರಡು ವಾರ ಕಳೆದಿದ್ದಾಗ, ರೇಂಜಿನಲ್ಲಿ ನಾವೆಲ್ಲ ಕಾಕಾ ಎಂದು ಕರೆಯುವ ನಿವೃತ್ತ ಶಿಕ್ಷಕರೊಬ್ಬರು ತಮ್ಮ .22 ರೈಫಲನ್ನೂ ಒಂದು ಕಟ್ಟು ಹಳೆಯ ಗುರಿಕಾಗದಗಳನ್ನೂ ನನ್ನ ಮುಂದಿಟ್ಟರು. ಬೇಸಿಗೆಯಲ್ಲಿ 50 ಮೀಟರ್ ದೂರದಲ್ಲಿ ಹತ್ತು ಗುಂಡುಗಳನ್ನು 17 ಮಿ.ಮೀ. ಒಳಗೆ ಕೂಡಿಸುತ್ತಿದ್ದ ರೈಫಲ್ ಈಗ 31 ಮಿ.ಮೀ.ಗೆ ಹರಡುತ್ತಿತ್ತು. "ಬ್ಯಾರಲ್ ಮುಗದೈತಿ ಅನಸ್ತದ. ಗೋಕುಲ ರೋಡಿನ ಲೇಥ್‌ನವ್ರ ಕಡೆ ಮಾತಾಡೀನಿ, ಚೇಂಬರ್ ಹೊಸದಾಗಿ ಕೊರದ ಕೊಡ್ತೀನಿ ಅಂದಾರ" ಎಂದರು. "ಎರಡು ತಾಸು ಕೊಡ್ರಿ ಕಾಕಾ, ಮೊದಲ ನೋಡೂಣು" ಎಂದು ಕೇಳಿಕೊಂಡೆ. ಎರಡು ತಾಸಿನಲ್ಲಿ ಸಿಕ್ಕಿದ್ದು ಎರಡು ದೋಷಗಳು. ತೇವ ಕುಡಿದು ಉಬ್ಬಿದ ಸ್ಟಾಕಿನ (ರೈಫಲಿನ ಕಟ್ಟಿಗೆಯ ಭಾಗದ) ಮುಂಭಾಗ ಬ್ಯಾರಲಿಗೆ ಒಂದು ಮಗ್ಗುಲಲ್ಲಿ ತಾಗುತ್ತಿತ್ತು, ಮತ್ತು ಕಾಡತೂಸು ಕೂರುವ ಚೇಂಬರಿನ ಮುಂದೆ ಇಂಗಾಲದ ಗಟ್ಟಿ ಉಂಗುರ ಕಟ್ಟಿತ್ತು. ಯಾವ ಲೋಹವನ್ನೂ ಕೊರೆಯದೆ, ಮರುವಾರ ಅದೇ ರೈಫಲ್ ಅದೇ ಲಾಟಿನ (ಒಟ್ಟಿಗೆ ತಯಾರಾದ ಕಂತಿನ) ಕಾಡತೂಸಿನಲ್ಲಿ 18 ಮಿ.ಮೀ. ಕೊಟ್ಟಿತು.

ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ ಸ್ಪರ್ಧೆಯ ಕಂಚು ಗೆದ್ದ ಮೇಲೆ, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಮಲಗಿದ್ದ ರೈಫಲ್‌ಗಳನ್ನು ಹೊರತೆಗೆದು "ಇದನ್ನ ಏನ್ ಮಾಡೂಣ್ರಿ?" ಎಂದು ನನ್ನನ್ನು ಕೇಳುವವರು ಹೆಚ್ಚಿದ್ದಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಬ್ಯಾರಲ್ ಮೇಲಿನ ಸಂಶಯ ಎಲ್ಲಕ್ಕಿಂತ ಕೊನೆಗೆ ಬರಬೇಕು. ಸ್ಕ್ರೂ ಬಿಗಿ ಮಾಡಿದ್ದನ್ನು ಸಡಿಲಿಸಬಹುದು, ಕಾಡತೂಸನ್ನು ಬದಲಿಸಬಹುದು, ಆದರೆ ಕೊರೆದ ಉಕ್ಕನ್ನು ಮತ್ತೆ ತುಂಬಲು ಬರುವುದಿಲ್ಲ. ಮೇಲಾಗಿ .22 ಲಾಂಗ್ ರೈಫಲ್ ಬ್ಯಾರಲ್ ಅಷ್ಟು ಸುಲಭವಾಗಿ ಸವೆಯುವ ವಸ್ತುವಲ್ಲ. ಅದರಲ್ಲಿ ಹೋಗುವುದು ಸುಮಾರು 2.6 ಗ್ರಾಂ ತೂಕದ ಮೆದು ಸೀಸದ ಗುಂಡು. ಸ್ಪರ್ಧೆಗೆಂದು ತಯಾರಿಸಿದ ಮ್ಯಾಚ್ ಕಾಡತೂಸಿನಲ್ಲಿ ಅದರ ವೇಗ ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ, ಸೆಕೆಂಡಿಗೆ 320-330 ಮೀಟರ್. ತಾಮ್ರದ ಕವಚದ ಗುಂಡು ಹಾರಿಸುವ ದೊಡ್ಡ ರೈಫಲ್‌ಗಳ ಬ್ಯಾರಲ್ ಬಿಸಿ ಅನಿಲದ ಹೊಡೆತಕ್ಕೆ ಕೆಲವೇ ಸಾವಿರ ಗುಂಡುಗಳಲ್ಲಿ ಸೋಲಬಹುದು; ಚೆನ್ನಾಗಿ ನೋಡಿಕೊಂಡ .22 ಬ್ಯಾರಲ್ ಹತ್ತಾರು ಸಾವಿರ ಗುಂಡುಗಳಿಗೆ ಜಗ್ಗುವುದಿಲ್ಲ. ಅದು ಹಾಳಾಗುವುದು ಹೆಚ್ಚಾಗಿ ತುಕ್ಕಿನಿಂದ ಮತ್ತು ಒರೆಸುವ ಕೋಲಿನಿಂದ.

ಮೊದಲು ಅಳತೆ

ಕೆಲಸಕ್ಕೆ ಕೈಹಚ್ಚುವ ಮುಂಚೆ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟನ್ನು ಹೊರತೆಗೆದು, ಚೇಂಬರ್ ಖಾಲಿ ಇದೆಯೆಂದು ಕಣ್ಣಿಂದಲೂ ಕಿರುಬೆರಳಿಂದಲೂ ಖಾತ್ರಿ ಮಾಡಿಕೊಳ್ಳಬೇಕು, ಕಾಡತೂಸುಗಳನ್ನು ಬೇರೆ ಕೋಣೆಯಲ್ಲಿಡಬೇಕು. ಇದನ್ನು ಪ್ರತಿ ಸಲವೂ ಮಾಡಬೇಕು.

ರೈಫಲ್ ಹಾಳಾಗಿದೆ ಎನ್ನುವವರಲ್ಲಿ ಹೆಚ್ಚಿನವರ ಬಳಿ ಅದು ಚೆನ್ನಾಗಿದ್ದಾಗ ಹೇಗಿತ್ತು ಎಂಬುದರ ದಾಖಲೆಯೇ ಇರುವುದಿಲ್ಲ. ಕಾಕಾ ಅವರ ಹತ್ತಿರ ದಿನಾಂಕ, ಲಾಟ್ ಸಂಖ್ಯೆ, ಹವೆ ಎಲ್ಲವನ್ನೂ ಬರೆದಿಟ್ಟ ಕಾಗದಗಳಿದ್ದವು. ನಮ್ಮ ಅರ್ಧ ಕೆಲಸವನ್ನು ಆ ಕಟ್ಟೇ ಮಾಡಿಕೊಟ್ಟಿತು. ದಾಖಲೆ ಇಲ್ಲದವರು ಇಂದಿನಿಂದಲೇ ಶುರು ಮಾಡಬೇಕು: ಮುಂದೆ ಹಿಂದೆ ಮರಳುಚೀಲ ಕೊಟ್ಟು, ಶೂಟರನ ಅಲುಗಾಟವನ್ನು ಆದಷ್ಟು ತೆಗೆದುಹಾಕಿ, ಗಾಳಿ ನಿಂತ ಬೆಳಗಿನ ಹೊತ್ತಿನಲ್ಲಿ ಹತ್ತು ಗುಂಡಿನ ಐದು ಗ್ರೂಪ್ (ಒಂದೇ ಗುರಿಗೆ ಹಾರಿಸಿದ ಗುಂಡುಗಳ ಗುಂಪು) ಹೊಡೆಯಬೇಕು. ಐದು ಗುಂಡಿನ ಒಂದೇ ಗ್ರೂಪ್ ನೋಡಿ ತೀರ್ಮಾನಕ್ಕೆ ಬರುವುದು ಸಲ್ಲದು. ಅದು ಅದೃಷ್ಟಕ್ಕೆ ಚಿಕ್ಕದಾಗಬಹುದು, ದೊಡ್ಡದೂ ಆಗಬಹುದು. ಗದಗದ ಕಡೆ ಅಭ್ಯಾಸ ಮಾಡುವವರು ಗಾಳಿಯ ಮಾತನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಗಾಳಿಯಂತ್ರಗಳನ್ನು ನೆಟ್ಟಿರುವ ಸೀಮೆ ಅದು. ಅಲ್ಲಿನ ಅಡ್ಡಗಾಳಿ ನಿಧಾನಗತಿಯ ಈ ಗುಂಡನ್ನು 50 ಮೀಟರಿನಲ್ಲಿಯೇ ಒಂದು ರಿಂಗಿನಷ್ಟು ಆಚೆ ತಳ್ಳಿದರೆ ಅದರಲ್ಲಿ ಬ್ಯಾರಲಿನ ತಪ್ಪು ಏನೂ ಇಲ್ಲ.

ಎಷ್ಟು ಹರಡಿದರೆ ದೋಷ ಎಂಬುದಕ್ಕೆ ಗುರಿಕಾಗದವೇ ಅಳತೆಗೋಲು. ಅಂತರರಾಷ್ಟ್ರೀಯ 50 ಮೀಟರ್ ಗುರಿಯಲ್ಲಿ ಹತ್ತರ ರಿಂಗಿನ ವ್ಯಾಸ 10.4 ಮಿ.ಮೀ., ಗುಂಡಿನ ವ್ಯಾಸ 5.6 ಮಿ.ಮೀ. ರಿಂಗಿನ ಗೆರೆಗೆ ತೂತು ತಾಗಿದರೂ ಅಂಕ ಸಿಗುವುದರಿಂದ, ತೂತಿನ ನಡು ಗುರಿಯ ನಡುವಿನಿಂದ 8 ಮಿ.ಮೀ. ಒಳಗೆ ಇದ್ದರೆ ಅದು ಹತ್ತು. ಎಂದರೆ ನಡುವಿನಿಂದ ನಡುವಿಗೆ 16 ಮಿ.ಮೀ. ಹರಡುವ ರೈಫಲ್, ಶೂಟರ್ ಕಲ್ಲಿನಂತೆ ಸ್ಥಿರವಾಗಿದ್ದರೆ, ತಾತ್ವಿಕವಾಗಿ ಹತ್ತಕ್ಕೆ ಹತ್ತೂ ಕೊಡಬಲ್ಲದು. ಗ್ರೂಪನ್ನು ಹೊರಅಂಚಿನಿಂದ ಹೊರಅಂಚಿಗೆ ಅಳೆದು 5.6 ಕಳೆದರೆ ಈ ನಡುವಿನ ಅಳತೆ ಸಿಗುತ್ತದೆ. ಹೀಗೆ ಕಳೆಯದೆ ಹೋದವರು ತಮ್ಮ ರೈಫಲನ್ನು ಸುಮ್ಮನೆ ಬೈದುಕೊಳ್ಳುವುದನ್ನು ಬಹಳ ಸಲ ಕಂಡಿದ್ದೇನೆ.

ಗ್ರೂಪಿನ ಆಕಾರವನ್ನೂ ಓದಬೇಕು. ತೂತುಗಳು ಮೇಲೆ ಕೆಳಗೆ ಸಾಲುಗಟ್ಟಿದ್ದರೆ ಗುಂಡಿನ ವೇಗ ಒಂದರಿಂದ ಒಂದಕ್ಕೆ ಬದಲಾಗುತ್ತಿರುತ್ತದೆ; ಅದು ಕಾಡತೂಸಿನ ದೋಷ ಇರಬಹುದು, ಕಾಡತೂಸಿಗೆ ಬಡಿದು ಕಿಡಿ ಹೊತ್ತಿಸುವ ಫೈರಿಂಗ್ ಪಿನ್ನಿನ ದಣಿದ ಸ್ಪ್ರಿಂಗಿನದೂ ಇರಬಹುದು. ಎರಡು ಬೇರೆ ಬೇರೆ ಗುಂಪುಗಳಾಗಿ ಒಡೆದಿದ್ದರೆ ಏನೋ ಒಂದು ಸಡಿಲವಾಗಿ ಎರಡು ಜಾಗಗಳ ನಡುವೆ ಆಡುತ್ತಿದೆ ಎಂದರ್ಥ; ಆಗ ಆ್ಯಕ್ಷನ್ ಸ್ಕ್ರೂ (ಬೋಲ್ಟ್ ಕೂರುವ ಲೋಹದ ಭಾಗವಾದ ಆ್ಯಕ್ಷನನ್ನು ಸ್ಟಾಕಿಗೆ ಬಿಗಿಯುವ ಸ್ಕ್ರೂ) ಅಥವಾ ಗುರಿ ಹಿಡಿಯುವ ಸೈಟುಗಳ ಕಡೆ ನೋಡಬೇಕು. ಬ್ಯಾರಲ್ ಕಾದಂತೆ ಗುಂಡುಗಳು ಒಂದೇ ದಿಕ್ಕಿಗೆ ಸರಿಯುತ್ತ ಹೋದರೆ ಸ್ಟಾಕ್ ಎಲ್ಲೋ ಒತ್ತುತ್ತಿದೆ. ಒರೆಸಿದ ಮೇಲಿನ ಮೊದಲ ಹತ್ತು ಹದಿನೈದು ಗುಂಡುಗಳು ಚದುರುವುದು ಸಹಜ. ಬ್ಯಾರಲಿನೊಳಗೆ ಗುಂಡಿನ ಮೇಣದ ಪದರ ಮತ್ತೆ ಕೂಡುವವರೆಗೆ ಕಾಯಬೇಕು. ಯಾವ ದಿಕ್ಕೂ ಇಲ್ಲದೆ ಗ್ರೂಪ್ ದುಂಡಗೆ ಹಿಗ್ಗಿದ್ದರೆ, ಬೇರೆ ಬೇರೆ ಲಾಟುಗಳಲ್ಲಿಯೂ ಹಾಗೆಯೇ ಹಿಗ್ಗುತ್ತಿದ್ದರೆ, ಆಗ ಮಾತ್ರ ಬ್ಯಾರಲಿನ ಹೆಸರು ಎತ್ತಬಹುದು.

ಕಟ್ಟಿಗೆ, ಸ್ಕ್ರೂ, ಸೈಟು

ನಮ್ಮ ಸೀಮೆಯ ಹವೆ ಕಟ್ಟಿಗೆಯ ಸ್ಟಾಕಿಗೆ ಕಠಿಣವಾದದ್ದು. ಮಾರ್ಚ್-ಏಪ್ರಿಲ್‌ನ ಹುಬ್ಬಳ್ಳಿಯ ಒಣ ಬಿಸಿಲಿನಲ್ಲಿ ಅಕ್ರೋಟ್ ಕಟ್ಟಿಗೆ ಕುಗ್ಗಿ ಸ್ಕ್ರೂಗಳು ಸಡಿಲವಾಗುತ್ತವೆ. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ ಜುಲೈ-ಆಗಸ್ಟ್ ತಿಂಗಳಲ್ಲಿ ಅದೇ ಕಟ್ಟಿಗೆ ಉಬ್ಬುತ್ತದೆ. ಬೇಸಿಗೆಯಲ್ಲಿ ಬಿಗಿದ ಸ್ಕ್ರೂ ಮಳೆಗಾಲದಲ್ಲಿ ಬೇರೆಯೇ ಒತ್ತಡ ಕೊಡುತ್ತದೆ. ಹಾಗಾಗಿ ಟಾರ್ಕ್ (ಸ್ಕ್ರೂ ತಿರುಗಿಸುವ ಬಲ) ಅಳೆಯುವ ಸ್ಕ್ರೂಡ್ರೈವರ್ ಕೊಳ್ಳುವುದು ಹಳೆಯ ರೈಫಲ್ ಇರುವವರು ಮಾಡಬೇಕಾದ ಮೊದಲ ಖರ್ಚು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನನ್ನ ರೈಫಲಿಗೆ ನಾನು 5 ನ್ಯೂಟನ್ ಮೀಟರ್ ಇಡುತ್ತೇನೆ. ನಿಮ್ಮದಕ್ಕೆ ತಯಾರಕರು ಹೇಳಿದ್ದೇ ಲೆಕ್ಕ.

ಎರಡು ಪರೀಕ್ಷೆಗಳಿಗೆ ಯಾವ ಸಾಧನವೂ ಬೇಡ. ಬ್ಯಾರಲ್ ಮುಕ್ತವಾಗಿ ನಿಂತಿರಬೇಕಾದ ರೈಫಲಿನಲ್ಲಿ, ಬ್ಯಾರಲ್ ಮತ್ತು ಸ್ಟಾಕಿನ ನಡುವೆ ಒಂದು ತೆಳು ಕಾಗದದ ಪಟ್ಟಿಯನ್ನು ಮುಂದಿನಿಂದ ಹಿಂದಕ್ಕೆ ಎಳೆಯಬೇಕು. ಕಾಕಾ ಅವರ ರೈಫಲಿನಲ್ಲಿ ಪಟ್ಟಿ ಎಡಮಗ್ಗುಲಲ್ಲಿ ಒಂದು ಗೇಣು ಸಲೀಸಾಗಿ ಬಂದು, ನಂತರ ಗಕ್ಕನೆ ನಿಂತಿತು; ಜಗ್ಗಿದಾಗ ಕಾಗದ ಹರಿದು, ತುದಿಯಲ್ಲಿ ಕಟ್ಟಿಗೆಯ ಪಾಲಿಶಿನ ಕಂದು ಕಲೆ ಅಂಟಿಕೊಂಡು ಬಂತು. ಎರಡನೆಯದು, ಬ್ಯಾರಲ್ ಮತ್ತು ಸ್ಟಾಕಿನ ತುದಿ ಎರಡಕ್ಕೂ ತಾಗುವಂತೆ ಬೆರಳಿಟ್ಟುಕೊಂಡು ಮುಂದಿನ ಆ್ಯಕ್ಷನ್ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸುವುದು. ಬ್ಯಾರಲ್ ಮೇಲೆದ್ದಂತೆ ಬೆರಳಿಗೆ ತಿಳಿದರೆ ಆ್ಯಕ್ಷನ್ ತನ್ನ ಪೀಠದಲ್ಲಿ ನೇರವಾಗಿ ಕೂತಿಲ್ಲ, ಸ್ಕ್ರೂ ಅದನ್ನು ಬಾಗಿಸಿ ಹಿಡಿದಿದೆ. ಇದನ್ನು ಬೆಡ್ಡಿಂಗ್ ಮಾಡಿಸಿ, ಎಂದರೆ ಆ್ಯಕ್ಷನ್ ಸಮನಾಗಿ ಕೂರುವಂತೆ ಸ್ಟಾಕಿನ ಪೀಠ ತಿದ್ದಿಸಿ, ಸರಿಪಡಿಸಬಹುದು.

ಸೈಟುಗಳ ವಿಷಯವನ್ನು ನನ್ನ ಅನುಭವದಿಂದಲೇ ಹೇಳಬೇಕು. ವರ್ಷಗಳ ಹಿಂದೆ ನಾನು ಚೆನ್ನಾಗಿದ್ದ ಒಂದು ಬ್ಯಾರಲನ್ನು ಬದಲಾಯಿಸಿದೆ. ತಿಂಗಳುಗಟ್ಟಲೆ ಕಾದು ಹೊಸದು ಬಂದ ಮೇಲೂ ಗ್ರೂಪ್ ಎರಡು ಗುಂಪುಗಳಾಗಿ ಒಡೆಯುತ್ತಲೇ ಇತ್ತು. ಕೊನೆಗೆ ಮುಂದಿನ ಸೈಟಿನ ಬುಡವನ್ನು ಉಗುರಿನಿಂದ ಒತ್ತಿದಾಗ ಅದು ಕೂದಲೆಳೆಯಷ್ಟು ಅಲುಗಿತು. ಆ ಹಳೆಯ ಬ್ಯಾರಲನ್ನು ನೆನೆದರೆ ಇಂದಿಗೂ ಮನಸ್ಸಿಗೆ ನೋವಾಗುತ್ತದೆ. ಸಣ್ಣ ತೂತಿನ ಮೂಲಕ ನೋಡುವ ಹಿಂದಿನ ಡಯಾಪ್ಟರ್ ಸೈಟನ್ನು ಪರೀಕ್ಷಿಸಲು ಒಂದು ಗ್ರೂಪ್ ಹೊಡೆದು, ಇಪ್ಪತ್ತು ಕ್ಲಿಕ್ ಬಲಕ್ಕೆ, ಇಪ್ಪತ್ತು ಮೇಲಕ್ಕೆ, ಇಪ್ಪತ್ತು ಎಡಕ್ಕೆ, ಇಪ್ಪತ್ತು ಕೆಳಕ್ಕೆ ತಿರುಗಿಸುತ್ತ ಪ್ರತಿ ಮೂಲೆಗೂ ಕೆಲವು ಗುಂಡು ಹಾರಿಸಬೇಕು. ಚೌಕ ಮುಗಿದಾಗ ಗುಂಡು ಮೊದಲಿನ ಜಾಗಕ್ಕೇ ಮರಳದಿದ್ದರೆ ಸೈಟಿನ ತಿರುಪು ಸವೆದಿದೆ.

ಕಾಡತೂಸು ಮತ್ತು ಕಿಡಿ

ರಿಮ್‌ಫೈರ್ ರೈಫಲಿಗೆ (ಪಿನ್ ಕಾಡತೂಸಿನ ಅಂಚಿಗೆ ಬಡಿಯುವ .22ರಂಥ ರೈಫಲಿಗೆ) ಕಾಡತೂಸಿನ ಲಾಟ್ ಒಗ್ಗುವುದು ಜಾತಕ ಕೂಡಿಬಂದಂತೆ. ಒಂದೇ ಹೆಸರಿನ, ಒಂದೇ ಬೆಲೆಯ ಎರಡು ಲಾಟುಗಳು ಒಂದೇ ಬ್ಯಾರಲಿನಲ್ಲಿ 14 ಮತ್ತು 24 ಮಿ.ಮೀ. ಕೊಟ್ಟಿದ್ದನ್ನು ನನ್ನ ಕೈಯಾರೆ ಅಳೆದಿದ್ದೇನೆ. ಆದ್ದರಿಂದ ಕನಿಷ್ಠ ಮೂರು ಬಗೆಯ ಮ್ಯಾಚ್ ಕಾಡತೂಸು, ಸಾಧ್ಯವಾದರೆ ಒಂದೊಂದರಲ್ಲೂ ಎರಡು ಲಾಟು ಹೊಡೆದು ನೋಡದೆ ಬ್ಯಾರಲಿನ ಮೇಲೆ ತೀರ್ಪು ಕೊಡಬಾರದು. ಎಲಿ, ಲಾಪುವಾ, ಆರ್‌ಡಬ್ಲ್ಯುಎಸ್ ಎಂದು ನಮ್ಮವರಿಗೆ ಪರಿಚಿತವಾದ ಹೆಸರುಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಅರ್ಥವಿಲ್ಲ. ನಿಮ್ಮ ಬ್ಯಾರಲ್ ಹೇಳಿದ್ದೇ ಸರಿ. ಇಟ್ಟ ಜಾಗವನ್ನೂ ನೋಡಿರಿ. ತಗಡಿನ ಮಾಡಿನ ಕೋಣೆಯಲ್ಲಿ ಬೇಸಿಗೆ ಕಳೆದ ಪೆಟ್ಟಿಗೆಯನ್ನು ಒಮ್ಮೆ ತೆರೆದಾಗ, ಗುಂಡುಗಳ ಮೇಲಿನ ಮೇಣದ ಲೇಪ ಕರಗಿ ಒಂದು ಮಗ್ಗುಲಿಗೆ ಇಳಿದು ಗಟ್ಟಿಯಾಗಿತ್ತು. ಅಂಥ ಕಾಡತೂಸಿನಿಂದ ಯಾವ ಬ್ಯಾರಲಿನ ಪರೀಕ್ಷೆಯೂ ನಡೆಯದು.

ಇನ್ನು ಬೋಲ್ಟು. ಹಾರಿಸಿದ ಹತ್ತು ಖಾಲಿ ಕೇಸುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಅಂಚಿನ ಮೇಲೆ ಪಿನ್ ಬಿದ್ದ ಗುರುತುಗಳನ್ನು ಭೂತಗನ್ನಡಿಯಲ್ಲಿ ಹೋಲಿಸಬೇಕು. ಆಳದಲ್ಲಿ ಏರುಪೇರು ಇದ್ದರೆ ಸ್ಪ್ರಿಂಗ್ ದಣಿದಿದೆ, ಇಲ್ಲವೇ ಬೋಲ್ಟಿನೊಳಗೆ ಹಳೆಯ ಎಣ್ಣೆ ಗೋಂದಾಗಿದೆ. ಒಂದು ಸ್ಪ್ರಿಂಗಿನ ಬೆಲೆಗೂ ಒಂದು ಬ್ಯಾರಲಿನ ಬೆಲೆಗೂ ಇರುವ ಅಂತರವನ್ನು ನೆನೆದರೆ ಈ ಪರೀಕ್ಷೆಗೆ ಹತ್ತು ನಿಮಿಷ ಕೊಡಲು ಯಾರೂ ಬೇಸರಿಸಲಾರರು.

ಈಗ ಬ್ಯಾರಲ್

ಇಷ್ಟೆಲ್ಲ ಆದ ಮೇಲೂ ಗ್ರೂಪ್ ಕೂಡದಿದ್ದರೆ ಬ್ಯಾರಲಿನೊಳಗೆ ಕಣ್ಣು ಹಾಯಿಸಬೇಕು, ಅದೂ ಚೆನ್ನಾಗಿ ಒರೆಸಿದ ಮೇಲೆ. ರಿಮ್‌ಫೈರ್ ಕಾಡತೂಸಿನ ಕಿಡಿಮದ್ದಿನಲ್ಲಿ ಸಾಮಾನ್ಯವಾಗಿ ನುಣ್ಣಗೆ ಅರೆದ ಗಾಜಿನ ಪುಡಿ ಇರುತ್ತದೆ. ಪಿನ್ನಿನ ಹೊಡೆತಕ್ಕೆ ಉಜ್ಜಾಟ ಹುಟ್ಟಿಸಿ ಕಿಡಿ ಬರಿಸುವುದು ಅದರ ಕೆಲಸ. ಆ ಪುಡಿಯೂ ಸುಟ್ಟ ಇಂಗಾಲವೂ ಚೇಂಬರಿನ ಮುಂದೆ, ಗುಂಡು ಸುರುಳಿ ಗೀರುಗಳನ್ನು ಹಿಡಿಯುವ ಜಾಗದಲ್ಲಿ, ವಿಶೇಷವಾಗಿ ತಳಭಾಗದಲ್ಲಿ ಕೂರುತ್ತವೆ. ವರ್ಷಗಟ್ಟಲೆ ತೆಗೆಯದೆ ಬಿಟ್ಟರೆ ಅದು ಗಡಸು ಉಂಗುರವಾಗಿ, ಮೆದು ಸೀಸದ ಗುಂಡನ್ನು ಒಳಹೋಗುವಾಗಲೇ ಕೆರೆಯುತ್ತದೆ. ಇಂಗಾಲ ಕರಗಿಸುವ ದ್ರಾವಣದಲ್ಲಿ ನೆನೆಸಿ, ಕಂಚಿನ ಬ್ರಶ್ಶಿನಿಂದ ನಿಧಾನವಾಗಿ ಬಿಡಿಸಿದರೆ ಎಷ್ಟೋ "ಮುಗಿದ" ಬ್ಯಾರಲುಗಳು ಎದ್ದು ಕೂರುತ್ತವೆ. ಅವಸರ ಪಡಬಾರದು. ಕಾಕಾ ಅವರ ರೈಫಲಿನ ಉಂಗುರ ಪೂರ್ತಿ ಹೋಗಲು ಮೂರು ಸಂಜೆ ಹಿಡಿಯಿತು.

ಒರೆಸುವ ಕೋಲು ತುಂಡಿಲ್ಲದ, ಲೇಪವಿರುವ ಕೋಲೇ ಆಗಿರಬೇಕು, ಹಿಂದಿನಿಂದ, ಚೇಂಬರಿನಲ್ಲಿ ಕೂರುವ ಗೈಡಿನ ಮೂಲಕವೇ ಹೋಗಬೇಕು. ಹಿಂದಿನ ತಲೆಮಾರಿನವರು ತಿರುಪಿನಿಂದ ಕೂಡಿಸುವ ಉಕ್ಕಿನ ಕೋಲನ್ನು ಮುಂದಿನ ಬಾಯಿಂದ ಹಾಕಿ ತಿಕ್ಕುತ್ತಿದ್ದರು. ಹಳೆಯ ರೈಫಲ್‌ಗಳ ಬಾಯಿ ಒಂದು ಮಗ್ಗುಲಿಗೆ ಸವೆದಿರಲು ಅದೇ ಕಾರಣ. ಗುಂಡು ಬ್ಯಾರಲನ್ನು ಬಿಡುವ ಆ ಕೊನೆಯ ಅಂಚಿಗೆ ಕ್ರೌನ್ ಎನ್ನುತ್ತೇವೆ. ಅಂಚು ಸಮವಾಗಿರದಿದ್ದರೆ ಹಿಂದಿನಿಂದ ತಳ್ಳುವ ಅನಿಲ ಒಂದು ಮಗ್ಗುಲಲ್ಲಿ ಮೊದಲು ನುಸುಳಿ ಗುಂಡನ್ನು ಓರೆ ಮಾಡುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಅಂಚಿನ ಸುತ್ತ ಎಳೆದರೆ, ಮುಳ್ಳಿದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಗುರುತು ಇನ್ನೂ ಚೆಂದ: ಮೂವತ್ತು ನಲವತ್ತು ಗುಂಡು ಹಾರಿಸಿದ ಮೇಲೆ ಬಾಯಿಯ ಮುಖದಲ್ಲಿ ಮೇಣ ಮತ್ತು ಸೀಸದ ಬೂದು ನಕ್ಷತ್ರ ಮೂಡಿರುತ್ತದೆ, ಗೀರಿಗೊಂದರಂತೆ ಕಿರಣ. ಎಲ್ಲ ಕಿರಣಗಳೂ ಸಮ ಉದ್ದವಿದ್ದರೆ ಕ್ರೌನ್ ಆರೋಗ್ಯವಾಗಿದೆ. ಎರಡು ಮೂರು ಕಿರಣಗಳು ಉದ್ದವಾಗಿ ಹೊಗೆಯಾಡಿದಂತೆ ಹರಡಿದ್ದರೆ ಅನಿಲ ಅಲ್ಲಿ ಸೋರುತ್ತಿದೆ. ಕ್ರೌನ್ ಮರುಕಡಿತ ಚಿಕ್ಕ ಕೆಲಸ. ಇದರಿಂದಲೇ ಸರಿಹೋಗುವ ರೈಫಲಿನ ಬ್ಯಾರಲನ್ನು ಬಿಚ್ಚಬಾರದು.

ಒಳಗಿನ ಸ್ಥಿತಿ ತಿಳಿಯಲು, ಬ್ಯಾರಲಿನೊಳಗೆ ತೂರಿಸಿ ನೋಡುವ ಬೋರ್‌ಸ್ಕೋಪ್ ಇದ್ದರೆ ಒಳ್ಳೆಯದು, ಆದರೆ ಅದು ಸಣ್ಣ ಕಲೆಯನ್ನೂ ಹಳ್ಳದಂತೆ ತೋರಿಸಿ ಹೆದರಿಸುತ್ತದೆ. ನಾನು ಹೆಚ್ಚು ನಂಬುವುದು ಸೀಸದ ಗುಂಡು ತಳ್ಳುವ ಹಳೆಯ ಪದ್ಧತಿಯನ್ನು. ಬೋರಿಗಿಂತ (ಬ್ಯಾರಲಿನ ಒಳರಂಧ್ರಕ್ಕಿಂತ) ಕೂದಲೆಳೆ ದಪ್ಪನೆಯ ಮೆದು ಸೀಸದ ತುಂಡಿಗೆ ಎಣ್ಣೆ ಸವರಿ, ಕೋಲಿನಿಂದ ಹಿಂದಿನಿಂದ ಮುಂದಕ್ಕೆ ಒಂದೇ ಸಮನೆ ತಳ್ಳುತ್ತ ಹೋಗಬೇಕು. ಒಳ್ಳೆಯ ಬ್ಯಾರಲಿನಲ್ಲಿ ಬಿಗಿ ಉದ್ದಕ್ಕೂ ಒಂದೇ ಆಗಿದ್ದು, ಬಾಯಿಯ ಹತ್ತಿರ ಸ್ವಲ್ಪ ಹೆಚ್ಚಾಗುತ್ತದೆ. ನಡುವೆ ಗಕ್ಕನೆ ಹಗುರವಾಗಿ ಮತ್ತೆ ಬಿಗಿಯಾದರೆ ಅಲ್ಲಿ ಬ್ಯಾರಲ್ ಉಬ್ಬಿದೆ. ಹಿಂದೆಂದೋ ಒಳಗೆ ಗುಂಡು ಸಿಕ್ಕಿದ್ದಾಗ ಇನ್ನೊಂದನ್ನು ಹಾರಿಸಿದ್ದಾರೆ. ಮೊದಲ ಎರಡು ಮೂರು ಸೆಂಟಿಮೀಟರ್ ಒರಟಾಗಿ, ಸಡಿಲವಾಗಿ ಹೋಗಿ, ನಂತರ ಬಾಯಿಯವರೆಗೂ ಬೆಣ್ಣೆಯಲ್ಲಿ ಹೋದಂತೆ ಸಮನಾಗಿ ಸರಿದರೆ ಸವಕಳಿ ಹಿಂಭಾಗದಲ್ಲಿ ಮಾತ್ರ ಇದೆ. ಬಾಯಿಯ ಹತ್ತಿರ ಸಡಿಲಾದರೆ ಕೋಲಿನ ಸವಕಳಿ. ಈ ಪದ್ಧತಿಯಲ್ಲಿ ಕೈಗೆ ತಿಳಿದದ್ದನ್ನು ತಕ್ಷಣ ಬರೆದಿಡಬೇಕು, ಏಕೆಂದರೆ ಮುಂದಿನ ನಿರ್ಧಾರ ಎಲ್ಲವೂ ದೋಷ ಯಾವ ಜಾಗದಲ್ಲಿದೆ ಎಂಬುದರ ಮೇಲೆ ನಿಲ್ಲುತ್ತದೆ.

ಚೇಂಬರಿನ ದೋಷಗಳಲ್ಲಿ ಸುರಕ್ಷತೆಯ ಮಾತೂ ಸೇರಿದೆ. ಖಾಲಿ ರೈಫಲಿನ ಕುದುರೆ ಎಳೆದು ಎಳೆದು ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿದು ತಗ್ಗು ಮಾಡಿದ್ದರೆ, ಕಾಡತೂಸು ಒಳಹೋಗಲು ಬಿಗಿಯಾಗುತ್ತದೆ, ಖಾಲಿ ಕೇಸಿನ ಮೇಲೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಗೀರು ಕಾಣುತ್ತದೆ. ಅಂಚು ಒಡೆದ ಅಥವಾ ಉಬ್ಬಿದ ಕೇಸು ಒಂದೇ ಒಂದು ಬಂದರೂ ಅಂದಿನ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ, ಹೆಡ್‌ಸ್ಪೇಸ್ (ಬೋಲ್ಟಿನ ಮುಖಕ್ಕೂ ಕಾಡತೂಸಿನ ಅಂಚು ಕೂರುವ ಜಾಗಕ್ಕೂ ನಡುವಿನ ಅಂತರ) ಅಳೆಸಬೇಕು. ಈ ಕಾಡತೂಸಿನ ಅಂಚಿನ ದಪ್ಪ ಸುಮಾರು 1.1 ಮಿ.ಮೀ. ಮಾತ್ರ, ಬೋಲ್ಟಿನ ಮುಖ ಅದಕ್ಕೆ ತಕ್ಕಂತೆ ಕೂರದಿದ್ದರೆ ಸುಡುವ ಅನಿಲ ಮುಖದ ಕಡೆಗೇ ಬರುತ್ತದೆ.

ಮೂರು ದಾರಿಗಳು

ಹಾಗೇ ಇಟ್ಟುಕೊಳ್ಳುವುದು ಸೋತವರ ದಾರಿಯಲ್ಲ, ಬಹಳ ಸಲ ಲೆಕ್ಕಕ್ಕೆ ಸರಿಯಾದ ದಾರಿ ಅದೇ. ಮಲಗಿ ಹೊಡೆಯುವಾಗ ಶೂಟರನ ಸ್ವಂತ ಹರಡು 30 ಮಿ.ಮೀ., ರೈಫಲಿನದು 20 ಮಿ.ಮೀ. ಇದೆ ಎಂದುಕೊಳ್ಳೋಣ. ಇವು ನೇರವಾಗಿ ಕೂಡುವುದಿಲ್ಲ. ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು. 900ಕ್ಕೆ 400 ಕೂಡಿದರೆ 1300, ಅದರ ವರ್ಗಮೂಲ ಸುಮಾರು 36. ದೊಡ್ಡ ಖರ್ಚು ಮಾಡಿ 14 ಮಿ.ಮೀ. ಕೊಡುವ ಬ್ಯಾರಲ್ ಹಾಕಿಸಿದರೆ 900ಕ್ಕೆ 196 ಕೂಡಿ, ವರ್ಗಮೂಲ 33. ಇಷ್ಟೆಲ್ಲ ಮಾಡಿ ಉಳಿಸಿದ್ದು 3 ಮಿ.ಮೀ. ಅದೇ ಹಣದಲ್ಲಿ ಒಗ್ಗಿದ ಲಾಟಿನ ಕಾಡತೂಸು ಕೊಂಡು ಒಂದು ವರ್ಷ ಅಭ್ಯಾಸ ಮಾಡಿದ ಹುಡುಗಿಯ ಹರಡು 30ರಿಂದ 22ಕ್ಕೆ ಇಳಿದರೆ, ಹಳೆಯ ಬ್ಯಾರಲಿನಲ್ಲಿಯೇ ಒಟ್ಟು 30 ಮಿ.ಮೀ.ಗೆ ಬರುತ್ತದೆ. ಕಲಿಯುವ ಮಕ್ಕಳ ತಂದೆತಾಯಂದಿರಿಗೆ ನಾನು ಮೊದಲು ಈ ಲೆಕ್ಕವನ್ನೇ ಕಾಗದದ ಮೇಲೆ ಮಾಡಿ ತೋರಿಸುತ್ತೇನೆ.

ಚೇಂಬರ್ ಹೊಸದಾಗಿ ಕೊರೆಸುವುದು ಎಂದರೆ, ಬ್ಯಾರಲಿನ ಹಿಂಭಾಗದಲ್ಲಿ ಸವೆದ ಎರಡು ಮೂರು ಸೆಂಟಿಮೀಟರನ್ನು ಕಡಿದುಹಾಕಿ, ಉಳಿದ ಒಳ್ಳೆಯ ಭಾಗದಲ್ಲಿ ಅದೇ .22 ಲಾಂಗ್ ರೈಫಲ್ ಅಳತೆಯ ಮ್ಯಾಚ್ ಚೇಂಬರನ್ನು ಮಾಡಿಸುವುದು. ದೋಷ ಹಿಂಭಾಗದಲ್ಲಿ ಮಾತ್ರ ಇದ್ದು, ಉಳಿದ ಬೋರ್ ಮತ್ತು ಬಾಯಿ ಚೆನ್ನಾಗಿದ್ದಾಗ ಇದರಂಥ ಒಳ್ಳೆಯ ಉಪಾಯ ಬೇರೊಂದಿಲ್ಲ. ಹಳೆಯ ಉದ್ದನೆಯ ಮ್ಯಾಚ್ ಬ್ಯಾರಲುಗಳು 690 ಮಿ.ಮೀ. ಉದ್ದ ಇರುತ್ತವೆ, ಅದರಲ್ಲಿ 25 ಹೋದರೆ ಗುಂಡಿಗೆ ಗೊತ್ತೂ ಆಗದು. ಬಾಯಿಯ ಕಡೆಯ ಬಿಗಿ ಉಳಿಯುವುದೇ ಇದರ ದೊಡ್ಡ ಲಾಭ. ಆದರೆ ಕೆಲಸ ಸಣ್ಣದಲ್ಲ. ಆ್ಯಕ್ಷನಿನಲ್ಲಿ ಕೂರುವ ಭಾಗವನ್ನು ಮತ್ತೆ ಕಡೆಯಬೇಕು, ಖಾಲಿ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರ್ ಕೂರುವ ಸೀಳುಗಳನ್ನು ಹೊಸದಾಗಿ ಕತ್ತರಿಸಬೇಕು, ಮುಂದಿನ ಸೈಟು ಮೊದಲಿನಂತೆ ನೆಟ್ಟಗೆ ಬರುವಂತೆ ಬ್ಯಾರಲನ್ನು ಕೂರಿಸಬೇಕು. ಆನ್‌ಶುಟ್ಜ್ 54 ಬಗೆಯ ಹಳೆಯ ಆ್ಯಕ್ಷನ್‌ಗಳಲ್ಲಿ ಬ್ಯಾರಲನ್ನು ಒತ್ತಿ ಕೂರಿಸಿ ಅಡ್ಡ ಪಿನ್ ಹೊಡೆದಿರುತ್ತಾರೆ. ಬಿಎಸ್‌ಎ ಮಾರ್ಟಿನಿಯಲ್ಲಿ ತಿರುಪಿನಿಂದ ಕೂರಿಸಿರುತ್ತಾರೆ. ಎರಡಕ್ಕೂ ಬೇರೆ ಬೇರೆ ಕೈಚಳಕ ಬೇಕು.

ಬೇರೆ ಕ್ಯಾಲಿಬರಿಗೆ (ಬೇರೆ ಅಳತೆಯ ಕಾಡತೂಸಿಗೆ) ಚೇಂಬರ್ ಬದಲಿಸುವ ಯೋಚನೆಯನ್ನು ಬಿಟ್ಟುಬಿಡಬೇಕು. ಸೈನ್ಯದ .303 ರೈಫಲ್‌ಗಳನ್ನು 7.62 ಮಾಡಿದ್ದರಲ್ಲ ಎಂದು ಹಿರಿಯರು ಕೇಳುತ್ತಾರೆ. ಅಲ್ಲಿ ಕೊರೆದದ್ದು ಹಳೆಯ ಬ್ಯಾರಲನ್ನಲ್ಲ. .303ರ ಕೇಸು 56 ಮಿ.ಮೀ., 7.62ರದು 51, ಉದ್ದನೆಯ ಹಳೆಯ ಚೇಂಬರನ್ನು ಕೊರೆದು ಗಿಡ್ಡ ಮಾಡಲು ಬರುವುದಿಲ್ಲ, ಬೋರಿನ ವ್ಯಾಸವೂ .303ರದೇ ಹೆಚ್ಚು. ಹಾಗಾಗಿ ಹೊಸ ಬ್ಯಾರಲನ್ನೇ ಹಾಕಿದರು, ಇಷಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ 7.62ಕ್ಕೆ ತಯಾರಾದ ರೈಫಲ್‌ಗಳಿಗೆ ಉಕ್ಕನ್ನೂ ಬದಲಿಸಿದರು. ಆ ಎರಡೂ ನಾಗರಿಕರಿಗೆ ನಿಷೇಧಿತ ಬೋರ್‌ಗಳು ಎಂಬುದು ಬೇರೆ ಮಾತು.

ಬ್ಯಾರಲ್ ಬದಲಾವಣೆ ಉದ್ದಕ್ಕೂ ತುಕ್ಕಿನ ಗುಣಿಗಳು ಬಿದ್ದಾಗ, ನಡುವೆ ಉಬ್ಬಿದ್ದಾಗ, ಅಥವಾ ಹಿಂದೆ ಒಮ್ಮೆ ಚೇಂಬರ್ ಕೊರೆಸಿಯಾಗಿದ್ದಾಗ ಮಾತ್ರ. ಆಗಲೂ ಮೊದಲು ಆ್ಯಕ್ಷನ್ ಅದಕ್ಕೆ ಯೋಗ್ಯವೇ ಎಂದು ನೋಡಬೇಕು: ಬಿರುಕಿಲ್ಲದೆ, ಬೋಲ್ಟ್ ಆಡದೆ, ಕುದುರೆ ಹಗುರವಾಗಿ ಒಂದೇ ಸಮನೆ ಬಿಡುವಂತಿದ್ದು, ಸ್ಪ್ರಿಂಗು ಪಿನ್ನುಗಳು ಇಂದಿಗೂ ಸಿಗುವಂತಿರಬೇಕು. ನಮ್ಮ ಮಳೆಗಾಲಕ್ಕೆ ಸ್ಟೇನ್‌ಲೆಸ್ ಉಕ್ಕಿನ ಬ್ಯಾರಲನ್ನೇ ಆರಿಸಿರಿ ಎಂದು ನಾನು ಹೇಳುತ್ತೇನೆ. ಹೊಸ ಬ್ಯಾರಲ್ ಬಂದ ಮೇಲೆ ಹಳೆಯ ಲಾಟು ಒಗ್ಗುತ್ತದೆ ಎಂಬ ಭರವಸೆ ಇಲ್ಲ. ಲಾಟ್ ಪರೀಕ್ಷೆಯ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಲೇಥಿನ ಅಂಗಡಿಯ ಮಾತು

ಗೋಕುಲ ರೋಡ್ ಮತ್ತು ತಾರಿಹಾಳದ ಲೇಥ್ ಕೆಲಸಗಾರರ ಕೈಗುಣದ ಬಗ್ಗೆ ನನಗೆ ಅಪಾರ ಗೌರವವಿದೆ. ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಬುಶ್ಶು, ಏನು ಕೊಟ್ಟರೂ ಕೂದಲೆಳೆ ತಪ್ಪದೆ ಕಡೆದು ಕೊಡುತ್ತಾರೆ. ಆದರೆ ರೈಫಲನ್ನು ಅವರ ಕೈಗೆ ಕೊಡಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕನ್ನು ತಯಾರಿಸಲು, ಮಾರ್ಪಡಿಸಲು, ದುರಸ್ತಿ ಮಾಡಲು, ಪರೀಕ್ಷಿಸಲು ಪ್ರತ್ಯೇಕ ಪರವಾನಗಿ ಬೇಕು. 6ನೇ ಕಲಮು ಬ್ಯಾರಲ್ ಗಿಡ್ಡ ಮಾಡುವುದರ ಬಗ್ಗೆ ಬೇರೆಯಾಗಿಯೇ ಹೇಳುತ್ತದೆ. ಗುರುತಿನ ಸಂಖ್ಯೆಯನ್ನು ಅಳಿಸುವುದು 8ನೇ ಕಲಮಿನಡಿ ಅಪರಾಧ. ಸ್ನೇಹಕ್ಕೆ ಒಪ್ಪಿಕೊಂಡ ಲೇಥಿನವರೂ, ಕೊಟ್ಟ ನೀವೂ, ಇಬ್ಬರೂ ಸಿಕ್ಕಿಬೀಳುತ್ತೀರಿ. ಕಾನೂನು ಬದಿಗಿಟ್ಟರೂ, ಚೇಂಬರ್ ಕೊರೆಯುವ ರೀಮರ್ ಮತ್ತು ಹೆಡ್‌ಸ್ಪೇಸ್ ಗೇಜು ಇಲ್ಲದೆ ಈ ಕೆಲಸ ಆಗುವುದಿಲ್ಲ, ಅವು ಸಾಮಾನ್ಯ ವರ್ಕ್‌ಶಾಪಿನಲ್ಲಿ ಇರುವುದಿಲ್ಲ.

ಸರಿಯಾದ ದಾರಿ ಉದ್ದವಾದದ್ದು. ಪರವಾನಗಿ ಕೊಟ್ಟ ಕಚೇರಿಗೆ ಮೊದಲು ಅರ್ಜಿ ಬರೆದು, ಯಾವ ಕೆಲಸ, ಯಾರ ಬಳಿ ಎಂಬುದನ್ನು ತಿಳಿಸಿ ಲಿಖಿತ ಅನುಮತಿ ಪಡೆಯಬೇಕು. ದುರಸ್ತಿಗಾರರ ಪರವಾನಗಿಯ ಪ್ರತಿ ಕೇಳಿ ನೋಡಬೇಕು, ಕೊಡುವಾಗ ಮತ್ತು ಪಡೆಯುವಾಗ ರಸೀದಿ ತೆಗೆದುಕೊಳ್ಳಬೇಕು. ಸಂಖ್ಯೆ ಬ್ಯಾರಲಿನ ಮೇಲೆ ಕೆತ್ತಿದ ರೈಫಲ್ ಆಗಿದ್ದರೆ, ಹೊಸ ಬ್ಯಾರಲಿನ ಸಂಖ್ಯೆ ಪರವಾನಗಿ ಪುಸ್ತಕದಲ್ಲಿ ಏರುವವರೆಗೆ ರೈಫಲನ್ನು ಮನೆಗೆ ತರುವ ಅವಸರ ಬೇಡ. ಹಳೆಯ ಬ್ಯಾರಲನ್ನು ಏನು ಮಾಡಬೇಕೆಂಬುದನ್ನೂ ಬರವಣಿಗೆಯಲ್ಲೇ ಕೇಳಿಕೊಳ್ಳಬೇಕು. ಕೆಲಸ ಮುಗಿದ ರೈಫಲಿಗೆ ಪ್ರೂಫ್ ಪರೀಕ್ಷೆ (ಹೆಚ್ಚಿನ ಒತ್ತಡ ತಡೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಆಗಿದೆಯೇ ಎಂದು ಕೇಳದೆ ಮೊದಲ ಗುಂಡು ಹಾರಿಸಬಾರದು.

ನಮ್ಮ ಕ್ಲಬ್ಬಿನ ಇನ್ನೊಂದು ಹಳೆಯ ರೈಫಲ್ ಹೀಗೆಯೇ ಚೇಂಬರ್ ಕೊರೆಸಿಕೊಂಡು ಬಂದಿದೆ. ಅದರಲ್ಲಿ ಸೀಸದ ತುಂಡು ಮೊದಲ 20 ಮಿ.ಮೀ. ಮರಳು ಕೆರೆದಂತೆ ಸದ್ದು ಮಾಡಿ, ಮುಂದೆ ಬಾಯಿಯವರೆಗೂ ಸಮನಾಗಿ ಸರಿದಿತ್ತು. ಮೂರು ಬಗೆಯ ಕಾಡತೂಸಿನಲ್ಲಿ 27, 29, 26 ಮಿ.ಮೀ. ಕೊಟ್ಟಿತ್ತು. ಅರ್ಜಿ, ಅನುಮತಿ, ಕೆಲಸ, ಪ್ರೂಫ್ ಎಲ್ಲ ಸೇರಿ ಎಂಟು ತಿಂಗಳು ಹಿಡಿಯಿತು. ದೀಪಾವಳಿಯ ನಂತರದ ಒಂದು ತಣ್ಣನೆಯ ಬೆಳಿಗ್ಗೆ, ಮೊದಲ ಇಪ್ಪತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟು, ಕಾಕಾ ಅವರೇ ಮರಳುಚೀಲದ ಹಿಂದೆ ಮಲಗಿ ಐದು ಗ್ರೂಪ್ ಹೊಡೆದರು: 16, 15, 18, 15, 17. ಕಾಗದದ ಮೇಲೆ ದಿನಾಂಕ, ಲಾಟ್ ಸಂಖ್ಯೆ, "ಗಾಳಿ ಇಲ್ಲ" ಎಂದು ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದು, ಆ ರೈಫಲಿಗಾಗಿ ಹೊಸದೊಂದು ಕಟ್ಟು ಶುರು ಮಾಡಿದರು.